ಸ್ನೋಮೊಬೈಲ್ ಕ್ಲಚ್ ಸ್ಪ್ರಿಂಗ್ ಸವೆದು ಸಿಕ್ಕಿಕೊಂಡರೆ: ಅರ, ಹೊಸ ಸ್ಪ್ರಿಂಗ್, ವಾಷರ್, ಬೇರಿಂಗ್

ಮಿಷಿಗನ್‌ನ ಉತ್ತರದ ತುದಿಯಲ್ಲಿ, ಲೇಕ್ ಸುಪೀರಿಯರ್ ಒಳಗೆ ಚಾಚಿಕೊಂಡಿರುವ ಕೀವಿನಾ ಪರ್ಯಾಯ ದ್ವೀಪದ ಕಡೆ, ಚಳಿಗಾಲದಲ್ಲಿ 200 ಇಂಚಿನಷ್ಟು ಹಿಮ ಬೀಳುವುದು ಮಾಮೂಲು. ಇಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಗಾಡಿ, ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕ್ಲಚ್ ಬಿಚ್ಚಲೇಬೇಕು. ಸ್ಪ್ರಿಂಗ್ ಸವೆದು ಸಿಕ್ಕಿಕೊಳ್ಳುತ್ತಿದೆ ಅಂತ ಹೇಳಿದರೆ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಅರ ಹಾಕು, ಹೊಸ ಸ್ಪ್ರಿಂಗ್ ಹಾಕು, ಪ್ಲಾಸ್ಟಿಕ್ ವಾಷರ್ ಹಾಕು, ಬೇರಿಂಗ್ ಹಾಕು. ನನ್ನ ಹಳೆಯ 600 ಸಿಸಿ ಗಾಡಿಯಲ್ಲಿ ನಾಲ್ಕನ್ನೂ ಮಾಡಿ ನೋಡಿದ್ದೇನೆ. ಮುಂದಿನ ಕ್ಲಚ್ಚಿಗೆ ಒಪ್ಪಿದ್ದು ಹಿಂದಿನದಕ್ಕೆ ಒಪ್ಪಲಿಲ್ಲ.

ನಮ್ಮೂರಿನ ಗೇರ್‌ಲೆಸ್ ಸ್ಕೂಟರ್‌ನ ಬೆಲ್ಟ್ ಕವರ್ ತೆಗೆದು ನೋಡಿದವರಿಗೆ ಇದು ಪೂರ್ತಿ ಹೊಸದಲ್ಲ. ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ನಡುವೆ ಬೆಲ್ಟ್. ಸ್ಕೂಟರ್‌ನಲ್ಲಿ ಕ್ಲಚ್ ಹಿಂದಿನ ಪುಲ್ಲಿಯ ಜೊತೆ ಬೇರೆಯಾಗಿ ಕೂತಿರುತ್ತದೆ. ಸ್ನೋಮೊಬೈಲ್‌ನಲ್ಲಿ ಮುಂದಿನ ಪುಲ್ಲಿಯೇ ಕ್ಲಚ್‌ನ ಕೆಲಸ ಮಾಡುತ್ತದೆ, ಆದರೆ ಹಿಂದಿನ ಪುಲ್ಲಿಯನ್ನೂ ಕ್ಲಚ್ ಅಂತಲೇ ಕರೆಯುತ್ತಾರೆ. ಮುಂದಿನದರೊಳಗಿನ ದಪ್ಪ ಸ್ಪ್ರಿಂಗ್ ಎರಡು ಶೀವ್‌ಗಳನ್ನು, ಅಂದರೆ ಪುಲ್ಲಿಯ ಎರಡು ತಟ್ಟೆಗಳನ್ನು, ದೂರ ಹಿಡಿದಿರುತ್ತದೆ. ಎಂಜಿನ್ ವೇಗ ಏರಿದಾಗ ವೆಯ್ಟ್‌ಗಳು ಹೊರಕ್ಕೆ ಬೀಸಿ ಸ್ಪ್ರಿಂಗ್ ಒತ್ತುತ್ತವೆ, ಶೀವ್‌ಗಳು ಹತ್ತಿರ ಬಂದು ಬೆಲ್ಟ್ ಹಿಡಿಯುತ್ತವೆ.

ಸ್ಪ್ರಿಂಗ್ ಒತ್ತಿದಾಗ ಬರೀ ಕುಗ್ಗುವುದಿಲ್ಲ, ಅದರ ತುದಿಗಳು ಸ್ವಲ್ಪ ತಿರುಗಲು ನೋಡುತ್ತವೆ. ತಿರುಗಲು ಆಗದೆ ಹೋದರೆ ಸ್ಪ್ರಿಂಗ್ ಪಕ್ಕಕ್ಕೆ ಬಾಗಿ ಒಳಗಿನ ಶಾಫ್ಟಿಗೆ ಉಜ್ಜುತ್ತದೆ. ಹಿಂದಿನ ಕ್ಲಚ್ಚಿನಲ್ಲಿ ಈ ಕಾಟ ಇನ್ನೂ ಜಾಸ್ತಿ. ಹೆಲಿಕ್ಸ್ ಅನ್ನುವ ಬಿಡಿಭಾಗದ ಓರೆ ದಾರಿಯಿಂದಾಗಿ ಈ ಕ್ಲಚ್ಚಿನ ಎರಡು ಶೀವ್‌ಗಳು ಒಂದಕ್ಕೊಂದು ತಿರುಗುತ್ತಲೇ ಅಗಲವಾಗುತ್ತವೆ. ಜೊತೆಗೆ ಸ್ಪ್ರಿಂಗನ್ನೂ ತಿರುಚುತ್ತವೆ. ಆದರೆ ಒಂದು ಮಾತು. ಹಳೆಯ ಮಾದರಿಗಳಲ್ಲಿ ಹಿಂದಿನ ಸ್ಪ್ರಿಂಗಿನ ತುದಿಯನ್ನು ತೂತಿಗೆ ಸಿಕ್ಕಿಸಿರುತ್ತಾರೆ, ತಿರುಚಿಕೊಳ್ಳುವುದೇ ಅದರ ಕೆಲಸ. ಅಂಥ ಕ್ಲಚ್ಚಿಗೆ ವಾಷರ್, ಬೇರಿಂಗ್ ಯಾವುದೂ ಬೇಡ.

ಕ್ಲಚ್ಚಿನ ಕವರ್ ಒಳಗೆ ಸ್ಪ್ರಿಂಗ್ ತುದಿ ಕೊರೆದ ಗೆರೆ, ಅಲ್ಯೂಮಿನಿಯಂ ಪುಡಿ, ಸುರುಳಿಯ ಒಳಮೈಯಲ್ಲಿ ಹೊಳೆಯುವ ಚಪ್ಪಟೆ ಜಾಗ ಕಂಡರೆ ಅದು ಸಿಕ್ಕಿಕೊಳ್ಳುವ ಗುರುತು. ಓಡಿಸುವಾಗ ತಿರುವಿನಲ್ಲಿ ಗ್ಯಾಸ್ (ಆಕ್ಸಿಲರೇಟರ್) ಬಿಟ್ಟು ಮತ್ತೆ ಕೊಟ್ಟರೆ ಎಂಜಿನ್ ಮುಕ್ಕರಿಯುತ್ತದೆ. ಬೆಲ್ಟ್ ಹಿಡಿಯುವ ವೇಗ ಪ್ರತಿ ಸಲವೂ ಬೇರೆ ಬೇರೆ. ಹಾಗಲ್ಲದೆ ಪ್ರತಿ ಸಲವೂ ಒಂದೇ ಸಮ ಬೇಗ ಹಿಡಿಯುತ್ತಿದ್ದರೆ ಸ್ಪ್ರಿಂಗ್ ಸೊರಗಿದೆ ಅಂತ ಅರ್ಥ. ಹೊಸದರ ಪಕ್ಕ ನಿಲ್ಲಿಸಿದರೆ ಗಿಡ್ಡ ಕಾಣುತ್ತದೆ.

ಅರದ ಕೆಲಸಕ್ಕೆ ಖರ್ಚೇ ಇಲ್ಲ. ಸ್ಪ್ರಿಂಗ್ ತಂತಿಯ ಕೊನೆಯ ಚೂಪನ್ನು ಅರದಿಂದ ದುಂಡಗೆ ಮಾಡಿ ಎಮರಿ ಪೇಪರ್‌ನಲ್ಲಿ ನುಣುಪು ಮಾಡಬೇಕು. ಕವರ್ ಒಳಗಿನ ಗೀರನ್ನೂ ಸವರಬೇಕು. ಮುಂದಿನ ಕ್ಲಚ್ಚಿನ ಅರ್ಧ ಕಾಟ ಇದರಲ್ಲೇ ಹೋಯಿತು! ಹೊಸ ಸ್ಪ್ರಿಂಗ್ ತಂದರೂ ಮೊದಲು ಇದನ್ನೇ ಮಾಡುತ್ತೇನೆ, ಯಾಕೆಂದರೆ ಹೊಸದರ ತುದಿಯೂ ಕೆಲವು ಸಲ ಚೂಪಾಗಿಯೇ ಬರುತ್ತದೆ. ಸುರುಳಿಯ ನಡುವೆ ಮಾತ್ರ ಅರ ಮುಟ್ಟಿಸಬಾರದು. ಗೀರು ಬಿದ್ದಲ್ಲೇ ಮುಂದೆ ಮುರಿಯುತ್ತದೆ.

ಸೊರಗಿದ ಸ್ಪ್ರಿಂಗಿಗೆ ಅರವೂ ಇಲ್ಲ, ವಾಷರೂ ಇಲ್ಲ, ಹೊಸದೇ ಗತಿ. ಅಂಗಡಿಯಲ್ಲಿ 120/310 ಅಂತ ಎರಡು ಅಂಕಿ ಹೇಳುತ್ತಾರೆ. ಮೊದಲನೆಯದು ಬೆಲ್ಟ್ ಹಿಡಿಯುವ ಮುಂಚಿನ ಒತ್ತಡ, ಎರಡನೆಯದು ಪೂರ್ತಿ ಒತ್ತಿಕೊಂಡಾಗಿನದು, ಎರಡೂ ಪೌಂಡ್‌ನಲ್ಲಿ. ಸಿಕ್ಕಿಕೊಳ್ಳುವುದನ್ನು ಗಟ್ಟಿ ಸ್ಪ್ರಿಂಗಿನಿಂದ ಗೆಲ್ಲಲು ಹೋಗುವವರು ಬಹಳ. ನನಗದು ಸರಿ ಕಾಣಲಿಲ್ಲ. ಹಿಡಿಯುವ ವೇಗ ಏರುತ್ತದೆ, ಹೊರಡುವಾಗ ಗಾಡಿ ಜಿಗಿಯುತ್ತದೆ, ಬೆಲ್ಟ್ ಬಿಸಿಯಾಗುತ್ತದೆ. ಉಜ್ಜಾಟ ಮಾತ್ರ ಇದ್ದಲ್ಲೇ ಇರುತ್ತದೆ. ಅದೇ ಅಂಕಿಯದು, ಕ್ರೋಮ್ ಸಿಲಿಕಾನ್ ತಂತಿಯದು ಸಿಕ್ಕರೆ ಸಾಕು. ಆ ಉಕ್ಕು ಬಿಸಿಯಲ್ಲೂ ಬೇಗ ಸೊರಗುವುದಿಲ್ಲ.

ಇನ್ನು ಜನ ವಾದ ಮಾಡುವ ವಿಷಯ: ವಾಷರೋ, ಬೇರಿಂಗೋ?

ಸ್ಪ್ರಿಂಗ್ ತುದಿಯ ಕೆಳಗೆ ಸೂಜಿ ರೋಲರ್‌ಗಳ ಚಪ್ಪಟೆ ಬೇರಿಂಗ್ ಇಟ್ಟರೆ ತುದಿ ಸಲೀಸಾಗಿ ತಿರುಗುತ್ತದೆ, ನಿಜ. ಕೈಯಲ್ಲಿ ತಿರುಗಿಸಿ ನೋಡಿದರೆ ಯಾರಿಗಾದರೂ ಆಸೆ ಆಗಬೇಕು. ಆದರೆ ಬೇರಿಂಗ್ 2 ಮಿ.ಮೀ., ಮೇಲೆ ಕೆಳಗೆ ಒಂದೊಂದು ಮಿ.ಮೀ. ಉಕ್ಕಿನ ವಾಷರ್, ಒಟ್ಟು 4 ಮಿ.ಮೀ. ದಪ್ಪ. 120/310 ಸ್ಪ್ರಿಂಗ್ ಸುಮಾರು 33 ಮಿ.ಮೀ. ಒತ್ತಿಕೊಳ್ಳುವಷ್ಟರಲ್ಲಿ 190 ಪೌಂಡ್ ಏರುತ್ತದೆ ಅಂತ ಇಟ್ಟುಕೊಳ್ಳಿ. ಮಿ.ಮೀ.ಗೆ ಹೆಚ್ಚುಕಮ್ಮಿ 6 ಪೌಂಡ್. ಅಂದರೆ ಬೇರಿಂಗ್ ಹಾಕಿದ ಕೂಡಲೇ 120ರ ಸ್ಪ್ರಿಂಗ್ 143ರ ಸ್ಪ್ರಿಂಗ್ ಆಯಿತು! ಜೊತೆಗೆ ಒಳಗಿನ ಜಾಗ ಕಡಿಮೆಯಾಗಿ, ಪೂರ್ತಿ ಒತ್ತುವ ಮೊದಲೇ ಸುರುಳಿಗಳು ಒಂದಕ್ಕೊಂದು ತಾಗಿ ನಿಲ್ಲಬಹುದು. ಆಗ ಬೆಲ್ಟ್ ಶೀವ್ ಅಂಚಿಗೆ ಏರುವುದೇ ಇಲ್ಲ, ಮೇಲಿನ ವೇಗ ಹೋಯಿತು. ಇದನ್ನು ಪರೀಕ್ಷಿಸುವುದು ಸುಲಭ. ಶೀವ್ ಮುಖದ ಮೇಲೆ ನಡುವಿನಿಂದ ಅಂಚಿನವರೆಗೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಉದ್ದ ನೇರ ದಾರಿಯಲ್ಲಿ ಪೂರ್ತಿ ಗ್ಯಾಸ್ ಕೊಟ್ಟು ಬನ್ನಿ. ಬೆಲ್ಟ್ ಎಲ್ಲಿವರೆಗೆ ಹೋಗಿತ್ತೋ ಅಲ್ಲಿವರೆಗೆ ಗೆರೆ ಅಳಿಸಿರುತ್ತದೆ. ನನ್ನ ಮುಂದಿನ ಕ್ಲಚ್ಚಿನಲ್ಲಿ ಬೇರಿಂಗ್ ಇದ್ದಾಗ ಅಂಚಿನ ಕಡೆ ಗೆರೆ ಹಾಗೇ ಉಳಿದಿತ್ತು.

ಇನ್ನೊಂದು ಕೊರತೆ ನಿಧಾನಕ್ಕೆ ಕಾಣುತ್ತದೆ. ಈ ಬೇರಿಂಗ್ ಪೂರ್ತಿ ಸುತ್ತು ಹಾಕುವುದಿಲ್ಲ, ಇದ್ದಲ್ಲೇ ಒಂದಿಷ್ಟು ಹಿಂದೆ ಮುಂದೆ ಆಡುತ್ತದೆ ಅಷ್ಟೇ. ಆ ಆಟಕ್ಕೆ ನಡುಕವೂ ಸೇರಿ ಸೂಜಿಗಳು ವಾಷರ್ ಮೇಲೆ ಸಾಲು ಸಾಲು ಗುಳಿ ಮಾಡುತ್ತವೆ. ಗ್ರೀಸ್ ಹಾಕೋಣ ಅಂದರೆ ಅದು ಸಿಡಿದು ಶೀವ್ ಮೇಲೆ ಬಿದ್ದು ಬೆಲ್ಟ್ ಜಾರುತ್ತದೆ.

ಒಂದು ಮಿ.ಮೀ. ಪ್ಲಾಸ್ಟಿಕ್ ವಾಷರ್ ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಹಿಂದಿನ ಕ್ಲಚ್ಚಿನಲ್ಲಿ ಅದೇ ಗೆದ್ದಿತು. ಗ್ರೀಸ್ ಬೇಡ, ಒತ್ತಡ ಅಷ್ಟಾಗಿ ಏರುವುದಿಲ್ಲ, ತಿರುವಿನಿಂದ ಹೊರಬರುವಾಗ ಆರ್‌ಪಿಎಂ ತಟ್ಟನೆ ಮೇಲೆ ಬರುತ್ತದೆ. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಆದರೆ ಒಳ್ಳೆಯದು. ಅದೂ 90 ಡಿಗ್ರಿ ಸೆಲ್ಸಿಯಸ್ ಆಚೆ ಸದಾ ಬಿಸಿಯಲ್ಲಿದ್ದರೆ ಸೋಲುತ್ತದೆ. ಅದಕ್ಕೇ ಎಂಜಿನ್‌ಗೆ ಅಂಟಿಕೊಂಡ ಮುಂದಿನ ಕ್ಲಚ್ಚಿನಲ್ಲಿ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಅಲ್ಲಿಗೆ ತುದಿ ಸವರಿದ ಹೊಸ ಸ್ಪ್ರಿಂಗೇ ಸಾಕು, ಅಲ್ವಾ?

ಯಾವುದನ್ನು ಹಾಕಿದರೂ ಕವರ್ ಮತ್ತು ಒಳಭಾಗದ ಮೇಲೆ ಒಂದೇ ನೇರಕ್ಕೆ ಗುರುತು ಹಾಕಿಕೊಂಡೇ ಬಿಚ್ಚಿ. ಹಾಗೇ ಕೂರಿಸದಿದ್ದರೆ ತೂಕದ ಸಮತೋಲ ತಪ್ಪುತ್ತದೆ. ಒಳಗೆ ನೂರು ಪೌಂಡ್‌ಗೂ ಮೀರಿದ ಒತ್ತಡ ಇರುತ್ತದೆ. ಎದುರುಬದುರಿನ ಎರಡು ಬೋಲ್ಟ್ ತೆಗೆದು ಉದ್ದದವನ್ನು ಹಾಕಿ, ಉಳಿದವನ್ನು ಬಿಚ್ಚಿದ ಮೇಲೆ ಇವೆರಡನ್ನು ಸಮವಾಗಿ ಸಡಿಲಿಸಿ. ಮೊದಲ ಓಟದಲ್ಲಿ ಪೂರ್ತಿ ಗ್ಯಾಸ್‌ನ ಆರ್‌ಪಿಎಂ ಗಾಡಿಯ ಪುಸ್ತಕ ಹೇಳಿದ್ದಕ್ಕಿಂತ ಮೇಲೆ ಹೋದರೆ ವೆಯ್ಟ್ ಸ್ವಲ್ಪ ಭಾರದ್ದು ಹಾಕಿ. ಗ್ರಾಂಗೆ ಹೆಚ್ಚುಕಮ್ಮಿ 100 ಆರ್‌ಪಿಎಂ ಇಳಿಯುತ್ತದೆ ಅನ್ನುವುದು ಇಲ್ಲಿನವರ ಕೈಲೆಕ್ಕ.