₹749ರ ಕ್ರೋಶಾ ಕಿಟ್ ತಗೊಂಡೆ, ಮಫ್ಲರ್ ಆಗಿದ್ದು ಬೇರೆ ದಾರದಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್‌ನಲ್ಲಿ ಕಡ್ಡಿಗಳು ಚೆನ್ನಾಗಿವೆ, ದಾರ ದಂಡ. ಇಷ್ಟು ಗೊತ್ತಾದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಅಪ್ಪ ಇರುವುದು ಮೂಡಿಗೆರೆ ಹತ್ತಿರ. ಬೆಳಿಗ್ಗೆ ಐದೂವರೆಗೆ ಡೇರಿಗೆ ಹಾಲು ಹಾಕಲು ಹೋಗುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಆ ಹೊತ್ತಿಗೆ ಮರದಿಂದ ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತಿರುತ್ತದೆ, ಇವರು ಕುತ್ತಿಗೆಗೆ ಒಂದು ಹಳೇ ಟವೆಲ್ ಸುತ್ತಿಕೊಂಡು ಹೊರಟಿರುತ್ತಾರೆ. ಅಂಗಡಿ ಮಫ್ಲರ್ ತಂದುಕೊಟ್ಟರೆ ಅದು ಸೀದಾ ಬೀರುವಿಗೆ ಹೋಗುತ್ತದೆ, "ಹೊಸದು, ಎಲ್ಲಾದರೂ ಮದುವೆಗೆ ಹೋಗುವಾಗ ಹಾಕ್ತೀನಿ" ಅಂತ. ಕೈಯಲ್ಲಿ ಹೆಣೆದುಕೊಟ್ಟರೆ ಬೇಡ ಅನ್ನಲಾರರು ಅಂತ ನಾನು ಲೆಕ್ಕ ಹಾಕಿದೆ. ಕ್ರೋಶಾ, ಅಂದರೆ ಕೊಕ್ಕೆ ಇರುವ ಒಂದೇ ಕಡ್ಡಿಯಲ್ಲಿ ದಾರ ಹೆಣೆಯುವುದು, ನನಗೆ ಬರುತ್ತಿರಲಿಲ್ಲ. ಅದಕ್ಕೇ ಆನ್‌ಲೈನ್‌ನಲ್ಲಿ ಕಿಟ್.

ಒಳಗೆ ಬಂದಿದ್ದು ಇಷ್ಟು: 2 ಎಂಎಂನಿಂದ 8 ಎಂಎಂವರೆಗೆ ಹನ್ನೆರಡು ಕಡ್ಡಿ, 40 ಗ್ರಾಮಿನ ಐದು ಉಲ್ಲನ್ ಉಂಡೆ ಐದು ಬಣ್ಣದಲ್ಲಿ, ಗುರುತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಿನ್ನುಗಳು, ದೊಡ್ಡ ಕಣ್ಣಿನ ಸೂಜಿ, ಹೇಗೆ ಹೆಣೆಯುವುದು ಅಂತ ಒಂದು ಹಾಳೆ, ಎಲ್ಲ ತುಂಬಿಡಲು ಒಂದು ಜಿಪ್ ಚೀಲ. ಚೀಲದ ಜಿಪ್ ನಾಲ್ಕನೇ ದಿನ ಕಿತ್ತುಬಂತು, ಅದು ಹೋಗಲಿ ಬಿಡಿ.

ಕಡ್ಡಿಗಳ ಬಗ್ಗೆ ನಿಜಕ್ಕೂ ದೂರಿಲ್ಲ. ಅಲ್ಯೂಮಿನಿಯಂ ಕಡ್ಡಿ, ಹಿಡಿಗೆ ರಬ್ಬರ್, ಕೊಕ್ಕೆಯ ತುದಿ ನುಣುಪಾಗಿದೆ, ಒಂದೂವರೆ ಗಂಟೆ ಹಿಡಿದು ಕೂತರೂ ಬೆರಳು ನೋಯಲಿಲ್ಲ. ಆದರೆ ಹನ್ನೆರಡು ಕಡ್ಡಿಯಲ್ಲಿ ನಾನು ಮುಟ್ಟಿದ್ದು ಎರಡೇ. ಒಂದು ಮಫ್ಲರಿಗೆ 5.5 ಎಂಎಂ ಒಂದಿದ್ದರೆ ಸಾಕು. ಶುರುವಿನ ಚೈನ್, ಅಂದರೆ ಮೊದಲು ಹಾಕುವ ಕುಣಿಕೆಗಳ ಸರಪಳಿ, ಮಾತ್ರ 6ರಲ್ಲಿ ಹಾಕಿಕೊಂಡೆ, ಯಾಕೆಂದರೆ ಹೊಸಬರ ಕೈ ಬಿಗಿ, ಚೈನ್ ಬಿಗಿಯಾದರೆ ಮಫ್ಲರಿನ ಒಂದು ತುದಿ ಸುರುಟಿಕೊಂಡು ಕೂರುತ್ತದೆ. ಪೋನಿ ಕಂಪನಿಯ ಕಡ್ಡಿ ಉಲ್ಲನ್ ಅಂಗಡಿಗಳಲ್ಲಿ ಬಿಡಿಯಾಗಿಯೇ ಸಿಗುತ್ತದೆ. ಒಂದೇ ಒಂದು ಮಫ್ಲರ್ ಹೆಣೆಯುವವರಿಗೆ ಡಜನ್ ಕಡ್ಡಿ ಯಾಕೆ?

ಇನ್ನು ದಾರ. ಡಬ್ಬದ ಮೇಲಿನ ಫೋಟೋದಲ್ಲಿ ದಪ್ಪನೆಯ, ಕುತ್ತಿಗೆಗೆ ಎರಡು ಸುತ್ತು ಬರುವ ಬೂದು ಮಫ್ಲರ್ ಇದೆ. ಒಳಗಿನ ದಾರ ಹೆಚ್ಚುಕಮ್ಮಿ ಬಾಗಿಲ ತೋರಣಕ್ಕೆ ಹಾಕುವಷ್ಟು ತೆಳು. ಅದರಲ್ಲಿ ಆ ಮಫ್ಲರ್ ಆಗುವುದಿಲ್ಲ, ಒಂದು ವೇಳೆ ಆದರೂ ಐದು ಬಣ್ಣದ ಪಟ್ಟೆ ಪಟ್ಟೆ ಆಗುತ್ತದೆ, ಅಪ್ಪ ಗುಲಾಬಿ ಪಟ್ಟೆ ಹಾಕಿಕೊಂಡು ಡೇರಿಗೆ ಹೋಗುವುದು ಉಂಟಾ? ಸಾಲದ್ದಕ್ಕೆ ಎಳೆಗಳನ್ನು ತುಂಬ ಸಡಿಲವಾಗಿ ಹೊಸೆದಿದ್ದಾರೆ. ಕೊಕ್ಕೆ ದಾರವನ್ನು ಪೂರ್ತಿ ಹಿಡಿಯುವ ಬದಲು ಎಳೆಗಳ ನಡುವೆ ತೂರಿಕೊಳ್ಳುತ್ತದೆ, ಬಿಚ್ಚಿ ಮತ್ತೆ ಹಾಕಿದರೆ ದಾರ ಜೂಲು ಜೂಲು.

ಮಾರುವವರ ಪುಟದಲ್ಲಿ "ಶುದ್ಧ ಉಣ್ಣೆ" ಅಂತ ಬರೆದಿತ್ತು. ಊರಿಗೆ ಹೋದಾಗ ದೊಡ್ಡಮ್ಮ ಉಂಡೆಯನ್ನು ಕೈಯಲ್ಲಿ ಹಿಡಿದು ಎರಡು ಸಲ ಒತ್ತಿದರು ಅಷ್ಟೇ. "ಇದು ಉಣ್ಣೆ ಅಂತ ಯಾರು ಹೇಳಿದ್ದು ಮಾರಾಯ್ತಿ, ಸುಟ್ಟು ನೋಡು" ಅಂದರು. ಒಂದು ತುಂಡು ಕತ್ತರಿಸಿ ಬೆಂಕಿ ಕಡ್ಡಿ ಗೀರಿದೆವು. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯಬೇಕು. ಇದು ಪ್ಲಾಸ್ಟಿಕ್‌ನಂತೆ ಕರಗಿ ತುದಿಯಲ್ಲಿ ಗಟ್ಟಿ ಕರಿ ಮಣಿಯಾಯಿತು. ಅಕ್ರಿಲಿಕ್ಕೋ ಇನ್ಯಾವುದೋ ಅಂಥದ್ದೇ, ಉಣ್ಣೆಯಂತೂ ಅಲ್ಲ. ವಾಪಸ್ ತಗೊಳ್ಳಿ ಅಂದರೆ, ಪ್ಯಾಕೆಟ್ ಒಡೆದಿದ್ದೀರಿ ಆಗುವುದಿಲ್ಲ ಅಂತ ಉತ್ತರ ಬಂತು. ಒಡೆಯದೆ ಸುಡುವುದು ಹೇಗೆ ಸ್ವಾಮಿ?

ಅಕ್ರಿಲಿಕ್ ಕೆಟ್ಟದ್ದು ಅಂತ ಅಲ್ಲ. ಅಕ್ರಿಲಿಕ್ ಅಂತ ಹೇಳಿಯೇ ಮಾರಲಿ.

ಹೇಳಿಕೊಡುವ ಹಾಳೆಯದ್ದು ಇನ್ನೊಂದು ಗೋಳು. ಅಮೆರಿಕದವರು ಡಬಲ್ ಕ್ರೋಶಾ ಅನ್ನುವ ಸ್ಟಿಚ್ಚನ್ನು ಬ್ರಿಟನ್‌ನವರು ಟ್ರೆಬಲ್ ಅನ್ನುತ್ತಾರೆ, ಬ್ರಿಟನ್‌ನವರ ಡಬಲ್ ಅಂದರೆ ಅಮೆರಿಕದವರ ಸಿಂಗಲ್. ಈ ಹಾಳೆಯಲ್ಲಿ ಚಿತ್ರ ಒಂದು ದೇಶದ್ದು, ಬರಹ ಇನ್ನೊಂದು ದೇಶದ್ದು. ನಾನು ಮೂರು ಸಂಜೆ ಕೂತು ಹೆಣೆದು, ಚಿತ್ರದ ಹಾಗೆ ಯಾಕೆ ಬರುತ್ತಿಲ್ಲ ಅಂತ ತಲೆ ಕೆರೆದುಕೊಂಡು, ಎಲ್ಲ ಬಿಚ್ಚಿ ಹಾಕಿದೆ. ನಿಮಗೂ ಇಂಥ ಹಾಳೆ ಸಿಕ್ಕರೆ ಒಂದು ಗುರುತು ಹೇಳುತ್ತೇನೆ: ಎಲ್ಲಾದರೂ "ಸಿಂಗಲ್ ಕ್ರೋಶಾ" ಅಂತ ಕಂಡರೆ ಅದು ಅಮೆರಿಕದ ಲೆಕ್ಕ, ಬ್ರಿಟಿಷ್ ಲೆಕ್ಕದಲ್ಲಿ ಆ ಹೆಸರೇ ಇಲ್ಲ.

ಕೊನೆಗೆ ಬೆಂಗಳೂರಿಗೆ ಬಂದು ಚಿಕ್ಕಪೇಟೆಯ ಒಂದು ಸಣ್ಣ ಉಲ್ಲನ್ ಅಂಗಡಿ ಹುಡುಕಿಕೊಂಡು ಹೋದೆ. ಗೋಡೆ ತುಂಬ ಲುಧಿಯಾನಾದಿಂದ ಬಂದ ದಾರ. ನಿಜವಾದ ಉಣ್ಣೆ ತಗೊಳ್ಳಬೇಕು ಅಂತಲೇ ಹೋಗಿದ್ದು, ಯಾಕೆಂದರೆ ಇಬ್ಬನಿಗೆ ಅದೇ ಸರಿ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ನಮ್ಮ ಕಡೆ ಹಿಂದೆಲ್ಲ ಕಂಬಳಿ ಕೊಪ್ಪೆ ಹಾಕಿಕೊಂಡೇ ಮಳೆಯಲ್ಲಿ ಗದ್ದೆ ನೆಟ್ಟವರು. ಆದರೆ ಕಂಬಳಿಯ ದಖನಿ ಕುರಿ ಉಣ್ಣೆ ಒರಟು, ಬೆನ್ನಿಗೆ ಸರಿ, ಕುತ್ತಿಗೆಗೆ ಸುತ್ತಿದರೆ ಒಂದೇ ಸಮ ತುರಿಕೆ. ಮೆತ್ತನೆ ಉಣ್ಣೆಯ ಬೆಲೆ ಕೇಳಿ ಸುಮ್ನೆ ಕೆಳಗಿಟ್ಟೆ. ಅದಲ್ಲದೆ ಉಣ್ಣೆಯನ್ನು ಬಿಸಿನೀರಲ್ಲಿ ಹಾಕಿ ಕುಕ್ಕಿದರೆ ಅರ್ಧ ಅಳತೆಗೆ ಇಳಿದು ಕಂಬಳಿ ತುಂಡಿನಂತಾಗುತ್ತದೆ, ಅಮ್ಮ ಎಲ್ಲ ಬಟ್ಟೆಯನ್ನೂ ಹಂಡೆ ನೀರಲ್ಲೇ ನೆನೆಸುವುದು. ಹಾಗಾಗಿ ದಪ್ಪ ಅಕ್ರಿಲಿಕ್ಕೇ ತಗೊಂಡೆ, 100 ಗ್ರಾಮಿನ ಎರಡು ಉಂಡೆ, ಒಂದಕ್ಕೆ ₹120, ಕಾಫಿ ಹಣ್ಣಿನ ಕೆಂಪು.

ಅಂಗಡಿಯವರು "ಇನ್ನೊಂದು ತಗೊಂಡಿರಿ, ಆಮೇಲೆ ಇದೇ ಬಣ್ಣ ಸಿಗಲ್ಲ" ಅಂದರು. ವ್ಯಾಪಾರಕ್ಕೆ ಹೇಳುತ್ತಾರೆ ಅಂದುಕೊಂಡೆ. ವ್ಯಾಪಾರಕ್ಕಲ್ಲ. ಉಂಡೆಯ ಚೀಟಿಯಲ್ಲಿ ಲಾಟ್ ನಂಬರ್ ಅಂತ ಇರುತ್ತದೆ, ಒಂದೇ ಸಲ ಬಣ್ಣ ಹಾಕಿದ ದಾರಕ್ಕೆ ಒಂದೇ ನಂಬರ್. ಎರಡು ವಾರ ಬಿಟ್ಟು ಮೂರನೆಯದಕ್ಕೆ ಹೋದಾಗ ಸಿಕ್ಕಿದ್ದು ಬೇರೆ ಲಾಟ್, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡಿತು, ಮನೆಗೆ ತಂದು ಬಿಸಿಲಿಗೆ ಹಿಡಿದರೆ ಇದು ಇಟ್ಟಿಗೆ ಬಣ್ಣ. ಅದನ್ನು ಎರಡೂ ತುದಿಗೆ ಕುಚ್ಚು ಮಾಡಿ ಕಟ್ಟಿದೆ. ನೋಡಿದವರೆಲ್ಲ ಡಿಸೈನ್ ಅಂದುಕೊಂಡಿದ್ದಾರೆ, ನಾನೂ ಹೂಂ ಅಂದಿದ್ದೇನೆ.

ಹೆಣೆದ ಲೆಕ್ಕ ಬೇಕಿದ್ದವರಿಗೆ (ಹೆಸರೆಲ್ಲ ಅಮೆರಿಕದ ಲೆಕ್ಕದಲ್ಲಿ): 26 ಚೈನ್, ಕಡ್ಡಿಯಿಂದ ಮೂರನೇ ಚೈನಿಗೆ ಶುರು, ಸಾಲಿಗೆ 24 ಹಾಫ್ ಡಬಲ್, ಪ್ರತಿ ಸಾಲಿನ ಕೊನೆಗೆ ಎರಡು ಚೈನ್ ಹಾಕಿ ತಿರುಗಿಸುವುದು, ಆ ಎರಡು ಚೈನನ್ನು ಸ್ಟಿಚ್ ಅಂತ ಎಣಿಸಬಾರದು. ಹಾಫ್ ಡಬಲ್ ಅಂದರೆ ಕಡ್ಡಿಗೆ ದಾರ ಸುತ್ತಿ, ಒಳಗೆ ಹಾಕಿ, ದಾರ ಎಳೆದುಕೊಂಡರೆ ಮೂರು ಕುಣಿಕೆ ನಿಲ್ಲುತ್ತವೆ, ಮತ್ತೆ ದಾರ ಸುತ್ತಿ ಮೂರರೊಳಗಿಂದಲೂ ಒಂದೇ ಸಲ ಎಳೆಯುವುದು. ಡಬಲ್ ಹಾಕಿದರೆ ಬೇಗ ಉದ್ದ ಬರುತ್ತದೆ ನಿಜ, ಆದರೆ ಸಂದಿ ಜಾಸ್ತಿ, ಗಾಳಿ ಒಳಗೆ ಬರುತ್ತದೆ. ಸಿಂಗಲ್ ಹಾಕಿದರೆ ಹಲಗೆ ಥರ ಬಿರುಸು. ನಡುವಿನದು ಇದು. ನಾನು ಮೊದಲ ಎಂಟು ಸಾಲು ಹಾಕುವ ಹೊತ್ತಿಗೆ 24 ಹೋಗಿ 19 ಆಗಿತ್ತು, ಮಫ್ಲರ್ ಬದಲು ಬಾವುಟ ಆಗುತ್ತಿತ್ತು. ಸಾಲಿನ ಕೊನೆಯ ಸ್ಟಿಚ್ ಕಣ್ಣಿಗೆ ಬೀಳುವುದೇ ಇಲ್ಲ. ಕಿಟ್‌ನ ಆ ಪ್ಲಾಸ್ಟಿಕ್ ಪಿನ್ನುಗಳನ್ನು ಮೊದಲ ಮತ್ತು ಕೊನೆಯ ಸ್ಟಿಚ್ಚಿಗೆ ಸಿಕ್ಕಿಸಿಕೊಂಡ ಮೇಲೆ ಅಂಚು ನೆಟ್ಟಗಾಯಿತು. ಪಿನ್ನುಗಳಿಗೆ ಪೂರ್ತಿ ಮಾರ್ಕ್ಸ್, ಮನೆಯಲ್ಲಿ ಸೇಫ್ಟಿ ಪಿನ್ ಇದ್ದರೂ ನಡೆಯುತ್ತದೆ.

ಸುಮಾರು ಐದಡಿ ಉದ್ದ, ಏಳಿಂಚು ಅಗಲ ಬಂತು. ಅಂಚು ಸ್ವಲ್ಪ ಸುರುಳಿ ಇದೆ ಅಂತ ಇಸ್ತ್ರಿ ಮಾಡಲು ಹೊರಟಿದ್ದೆ, ಪುಣ್ಯಕ್ಕೆ ಮೊದಲು ಒಂದು ಸಣ್ಣ ತುಂಡಿನ ಮೇಲೆ ಇಟ್ಟು ನೋಡಿದೆ. ಅಕ್ರಿಲಿಕ್ಕಿಗೆ ಬಿಸಿ ಇಸ್ತ್ರಿ ತಾಗಿದರೆ ಅದರ ಉಬ್ಬೆಲ್ಲ ಇಳಿದು, ಹೊಳೆಯುತ್ತಾ, ಸತ್ತ ಹಾವಿನ ಹಾಗೆ ಜೋಲು ಬೀಳುತ್ತದೆ. ಒದ್ದೆ ಮಾಡಿ ನೆಲದ ಮೇಲೆ ಹರಡಿ ಒಣಗಿಸಿದ್ದೇ ಸಾಕಾಯಿತು.

ಅಪ್ಪ ಈಗ ಹಾಕಿಕೊಂಡು ಹೋಗುತ್ತಿದ್ದಾರೆ. ಬೆಚ್ಚಗಿದೆಯಾ ಅಂದರೆ "ಇದೆ, ಇಬ್ಬನಿ ಕೂತರೆ ಸ್ವಲ್ಪ ತಣ್ಣಗಾಗುತ್ತೆ" ಅಂದರು, ಅದು ಅಕ್ರಿಲಿಕ್ಕಿನ ಹಣೆಬರಹ. ಬಂದ ತಕ್ಷಣ ಬಚ್ಚಲೊಲೆ ಪಕ್ಕ ನೇತುಹಾಕಬೇಡಿ, ಕಿಡಿ ಹಾರಿದರೆ ಕರಗುತ್ತದೆ ಅಂತ ಮೂರು ಸಲ ಹೇಳಿದ್ದೇನೆ. ಅಲ್ಲೇ ನೇತುಹಾಕುತ್ತಾರೆ.

ಕಿಟ್‌ಗೆ ಐದರಲ್ಲಿ ಎರಡು ಸ್ಟಾರ್. ಎರಡೂ ಕಡ್ಡಿಗೆ. ಆ ಐದು ಉಂಡೆ ದೊಡ್ಡಮ್ಮ ತಗೊಂಡು ಹೋದರು, ದೇವರ ಮನೆ ಬಾಗಿಲಿಗೆ ತೋರಣ ಆಗುತ್ತಿದೆಯಂತೆ. ನನಗೆ ಚಿಕ್ಕಪ್ಪನಿಂದ ಎರಡನೇ ಮಫ್ಲರಿಗೆ ಆರ್ಡರ್ ಬಂದಿದೆ. ಯಾವ ಬಣ್ಣ ಬೇಕು ಅಂತ ಕೇಳಿದೆ. "ಕೊಳೆ ಕಾಣದ ಬಣ್ಣ" ಅಂದರು.