‘ಫ್ರೀಯಾಗಿ ರಿಲೀಸ್ ಮಾಡಿಸ್ತೀವಿ’ ಅಂತ ಬಂದವರಿಗೆ ಹಾಡು ಕೊಡುವ ಮುಂಚೆ

ದಾವಣಗೆರೆ, ಹರಿಹರ, ದುರ್ಗದ ಕಡೆ ಬ್ಯಾಂಡ್ ಕಟ್ಟುತ್ತಿರುವವರೆಲ್ಲ ಓದಿ. ನಿಮ್ಮ ಹಾಡನ್ನು ಫ್ರೀಯಾಗಿ ರಿಲೀಸ್ ಮಾಡಿಸ್ತೀವಿ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಬಂದರೆ, ಅಗ್ರಿಮೆಂಟಿನ ಅಷ್ಟೂ ಪುಟ ಕೈಗೆ ಸಿಗುವವರೆಗೆ ಹಾಡಿನ ಫೈಲ್ ಕಳಿಸಬೇಡಿ.

ನಮ್ಮದು ನಾಲ್ಕು ಜನರ ರಾಕ್ ಬ್ಯಾಂಡ್. ವಿದ್ಯಾನಗರದಲ್ಲಿ ಗೆಳೆಯನ ಮನೆಯ ಮೇಲಿನ ರೂಮಿನಲ್ಲಿ ಪ್ರಾಕ್ಟೀಸ್. ಡ್ರಮ್ಸ್ ಮೇಲೆ ಟವೆಲ್ ಹಾಸಿ ಬಾರಿಸಬೇಕು, ಇಲ್ಲದಿದ್ದರೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಗಣೇಶನ ಹಬ್ಬಕ್ಕೆ ಕೇಳಿದರೆ ‘ಸಿನಿಮಾ ಹಾಡು ಬರಲ್ವಾ ತಮ್ಮಾ?’ ಅನ್ನುತ್ತಾರೆ. ಅಂಥದ್ದರಲ್ಲಿ ಬೆಂಗಳೂರಿನ ಲೇಬಲ್ (ಹಾಡು ಬಿಡುಗಡೆ ಮಾಡುವ ಕಂಪನಿ) ಅಂತ ಹೇಳಿಕೊಂಡವರೊಬ್ಬರು ಫೋನ್ ಮಾಡಿ ಹೊಗಳಿದರೆ ಯಾರಿಗೆ ಖುಷಿಯಾಗಲ್ಲ?

ಹಾಡು ಶಿಶುನಾಳ ಶರೀಫರ ಒಂದು ಪದ. ರಾಗ, ಗಿಟಾರ್ ಎಲ್ಲ ನಮ್ಮದು. ಸ್ಟುಡಿಯೋ ಬಾಡಿಗೆಯೂ ನಾವೇ ಕೊಟ್ಟಿದ್ದು. ಆತ ವಾಟ್ಸಾಪ್‌ನಲ್ಲಿ ಕಳಿಸಿದ್ದು ಸಹಿಯ ಪುಟ ಮಾತ್ರ. ‘ನಾಳೆಯೇ ರಿಲೀಸ್ ಬ್ರದರ್, ಉಳಿದಿದ್ದು ಆಮೇಲೆ ಕೊರಿಯರ್ ಮಾಡ್ತೀನಿ’ ಅಂದರು. ನಾವು ನಂಬಿ ಸಹಿ ಹಾಕಿ, ಹಾಡಿನ ಫೈಲ್ ಕಳಿಸಿದೆವು. ಕೊರಿಯರ್ ಬರಲೇ ಇಲ್ಲ.

ರಿಲೀಸ್ ಆದ ಮೇಲೆ ನೋಡಿದರೆ ‘ಸಾಹಿತ್ಯ, ಸಂಗೀತ’ ಎರಡರ ಮುಂದೆಯೂ ಆತನದೇ ಹೆಸರು! ಶಿಶುನಾಳದ ಅಜ್ಜನನ್ನೂ ಬಿಟ್ಟಿಲ್ಲ ಪುಣ್ಯಾತ್ಮ. ಆಮೇಲೆ ನಾವು ಸ್ಟೇಜ್ ಮೇಲೆ ಅದೇ ಹಾಡು ಹಾಡಿದ ವಿಡಿಯೋವನ್ನು ಯೂಟ್ಯೂಬ್‌ಗೆ ಹಾಕಿದೆವು. ಅದರ ಮೇಲೆ ಕಾಪಿರೈಟ್ ಕ್ಲೇಮ್, ಅಂದರೆ ‘ಈ ಹಾಡಿನ ಹಕ್ಕು ನಮ್ಮದು’ ಅನ್ನುವ ದಾವೆ ಬಂತು. ಕ್ಲೇಮ್ ಹಾಕಿದ್ದು ಯಾರು ಅಂತ ಹೇಳಬೇಕಾ? ಪೂರ್ತಿ ಅಗ್ರಿಮೆಂಟ್ ನಮ್ಮ ಕಣ್ಣಿಗೆ ಬಿದ್ದಿದ್ದು ಜಗಳ ಆದ ಮೇಲೆ. ಎಲ್ಲ ದೇಶಕ್ಕೂ, ಎಂದೆಂದಿಗೂ, ಎಲ್ಲ ಹಕ್ಕೂ ಅವರಿಗೇ ಅಂತ ಅದರಲ್ಲಿತ್ತು.

ವಕೀಲರ ಹತ್ತಿರ ಹೋದಾಗ ಗೊತ್ತಾದದ್ದು ನಿಮಗೂ ಗೊತ್ತಿರಲಿ. ರಾಗದ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡುವುದು ಬಾಯಿಮಾತಲ್ಲಿ ಆಗುವುದಿಲ್ಲ. ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷ, ರಾಯಲ್ಟಿ (ಹಾಡಿನ ಗಳಿಕೆಯಲ್ಲಿ ನಮ್ಮ ಪಾಲು) ಎಷ್ಟು, ಎಲ್ಲ ಬರವಣಿಗೆಯಲ್ಲಿ ಇರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಜಾಗ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಅದಕ್ಕೇ ಇಂಥವರು ‘ಎಂದೆಂದಿಗೂ’ ಅಂತ ಮೊದಲೇ ಸೇರಿಸಿರುತ್ತಾರೆ. 2012ರ ತಿದ್ದುಪಡಿ ಆದ ಮೇಲೆ ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಬಿಟ್ಟುಕೊಡುತ್ತೇನೆ ಅಂತ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಆತನಿಗೆ ನಾವು ಕೊಟ್ಟಿರುವ ವಕೀಲರ ನೋಟಿಸ್ ನಿಂತಿರುವುದು ಇದರ ಮೇಲೆ.

ಇನ್ನೊಂದು ವಿಷಯ. ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಸಾಲುಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಸಿ. ಅಶ್ವತ್ಥ್ ಹಾಕಿದ ಧಾಟಿ ಹಾಗಲ್ಲ, ಅದಕ್ಕೆ ಹಕ್ಕು ಇನ್ನೂ ಇದೆ. ಕವರ್ ಮಾಡುವವರು, ಅಂದರೆ ಬೇರೆಯವರ ಹಾಡನ್ನು ತಮ್ಮ ದನಿಯಲ್ಲಿ ಹಾಡುವವರು, ನೋಡಿಕೊಳ್ಳಿ.

ಯೂಟ್ಯೂಬ್ ಕ್ಲೇಮ್ ಬಂದರೆ ಸುಮ್ನೆ ಕೂರಬೇಡಿ. 5 ದಿನದೊಳಗೆ ಡಿಸ್ಪ್ಯೂಟ್ (ಕ್ಲೇಮ್ ತಪ್ಪು ಅನ್ನುವ ಆಕ್ಷೇಪ) ಹಾಕಿದರೆ ಜಾಹೀರಾತಿನ ದುಡ್ಡನ್ನು ಮೊದಲ ದಿನದಿಂದಲೇ ತಡೆದಿಡುತ್ತಾರೆ. ಎದುರಿನವರು 30 ದಿನದೊಳಗೆ ಉತ್ತರ ಕೊಡದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ರೆಕಾರ್ಡಿಂಗಿನ ಪ್ರಾಜೆಕ್ಟ್ ಫೈಲ್, ಸ್ಟುಡಿಯೋ ಬಿಲ್, ರಾಗ ಹಾಕುವಾಗ ಗ್ರೂಪಿಗೆ ಕಳಿಸಿದ ವಾಯ್ಸ್ ನೋಟ್ ಯಾವುದನ್ನೂ ಡಿಲೀಟ್ ಮಾಡಬೇಡಿ. ನಮಗೆ ಈಗ ಜಾಸ್ತಿ ಉಪಯೋಗಕ್ಕೆ ಬರುತ್ತಿರುವುದು ಆ ವಾಯ್ಸ್ ನೋಟ್‌ಗಳೇ.

ಸದ್ಯಕ್ಕೆ ಸಾಹಿತ್ಯದ ಜಾಗದಲ್ಲಿ ಶರೀಫರ ಹೆಸರು ಬಂದಿದೆ. ಸಂಗೀತದ ಜಾಗದಲ್ಲಿ ಇನ್ನೂ ಆತನೇ ಇದ್ದಾನೆ.