ಜಿಯೋಕ್ಯಾಶಿಂಗ್‌ಗೆ ನಾಲ್ಕು ಕ್ಲಿಪ್ಪಿನ ಡಬ್ಬಿ: ತುಮಕೂರಿನ ಬಿಸಿಲಲ್ಲಿ ಎಷ್ಟು ತಡೆಯುತ್ತದೆ?

ನಮ್ಮ ಕಡೆ ಡಬ್ಬಿ ಹಾಳಾಗುವುದು ಬಿಸಿಲಿಗೆ. ಮಳೆ ನೀರು ಆಮೇಲೆ ಒಳಗೆ ಬರುತ್ತದೆ ಅಷ್ಟೆ. ವರ್ಷಗಳಿಂದ ತುಮಕೂರಿನ ಸುತ್ತ ಡಬ್ಬಿ ಇಟ್ಟು, ಬೇಸಿಗೆ ಮಳೆ ಎರಡೂ ಕಳೆದ ಮೇಲೆ ತೆಗೆದು ನೋಡಿದ್ದರಿಂದ ಈ ಮಾತು ಧೈರ್ಯವಾಗಿ ಹೇಳುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಡಬ್ಬಿಯಲ್ಲಿ ಸಹಿ ಹಾಕುವ ಪುಸ್ತಕ ಇಟ್ಟು ಬಚ್ಚಿಡುತ್ತೇವೆ, ಜಾಗದ ಜಿಪಿಎಸ್ ಅಂಕಿ ಹಂಚುತ್ತೇವೆ. ಹುಡುಕಿದವರು ಸಹಿ ಮಾಡಿ ಮತ್ತೆ ಅಲ್ಲೇ ಇಡಬೇಕು. 2000ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್‌ಗೆ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು, ಜಾಗ ಮೊದಲಿಗಿಂತ ಸರಿಯಾಗಿ ತೋರತೊಡಗಿತು. ಮರುದಿನವೇ ಡೇವ್ ಉಲ್ಮರ್ ಎಂಬುವರು ಆರೆಗನ್‌ನಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಬಚ್ಚಿಟ್ಟರು. ಆಟ ಶುರುವಾಗಿದ್ದು ಅಲ್ಲಿಂದ. ಈಗ 100 ಎಂಎಲ್‌ಗಿಂತ ಕಡಿಮೆ ಹಿಡಿಯುವುದು ಮೈಕ್ರೋ, ಅಲ್ಲಿಂದ ಒಂದು ಲೀಟರ್‌ವರೆಗೆ ಸ್ಮಾಲ್, ಅದರ ಮೇಲೆ 20 ಲೀಟರ್‌ವರೆಗೆ ರೆಗ್ಯುಲರ್.

ನಾನು ಜಾಸ್ತಿ ಬಳಸಿದ್ದು ಅರ್ಧ ಲೀಟರಿನ, ನಾಲ್ಕು ಕಡೆ ಕ್ಲಿಪ್ ಇರುವ ಪ್ಲಾಸ್ಟಿಕ್ ಡಬ್ಬಿ. ಮಕ್ಕಳ ಊಟಕ್ಕೆ ಕೊಳ್ಳುತ್ತೇವಲ್ಲ, ಅದೇ. ಮುಚ್ಚಳದ ಒಳಗೆ ಸಿಲಿಕೋನ್ ರಬ್ಬರ್ ಇರುತ್ತದೆ. ಹೊಸದರಲ್ಲಿ ಇದಕ್ಕೆ ಯಾವ ದೂರೂ ಇಲ್ಲ, ಜೋರು ಮಳೆಯಲ್ಲೂ ಒಳಗಿನ ಕಾಗದ ಗರಿಗರಿಯಾಗಿರುತ್ತದೆ. ಆದರೆ ಇಂಥ ಡಬ್ಬಿ ಹೆಚ್ಚಾಗಿ ಪಾಲಿಪ್ರೊಪಿಲೀನ್‌ನದ್ದು, ಅದಕ್ಕೆ ಬಿಸಿಲಿನ ಅತಿನೇರಳೆ ಕಿರಣ ಆಗಿ ಬರುವುದಿಲ್ಲ. ಮೊದಲು ಹೊಳಪು ಹೋಗುತ್ತದೆ. ಆಮೇಲೆ ಮುಟ್ಟಿದರೆ ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಕೊನೆಗೆ ಕ್ಲಿಪ್ ಮಡಚುವ ತೆಳು ಗೆರೆಯಲ್ಲೇ ಪಟಕ್ಕನೆ ಮುರಿಯುತ್ತದೆ. ರಬ್ಬರ್ ಮಾತ್ರ ಹಾಗೇ ಚೆನ್ನಾಗಿರುತ್ತದೆ! ಬಂಡೆ ಸಂದಿಯ ನೆರಳಲ್ಲಿಟ್ಟ ಡಬ್ಬಿಗಳು ಇವತ್ತಿಗೂ ಗಟ್ಟಿಯಾಗಿವೆ. ಬಯಲಲ್ಲಿ ಬಿಸಿಲು ಬೀಳುವ ಕಡೆ ಇಟ್ಟ, ಅದೇ ಅಂಗಡಿಯ ಅದೇ ಡಬ್ಬಿಗಳ ಕ್ಲಿಪ್ಪುಗಳು ಉಳಿಯಲಿಲ್ಲ.

ಬಿಸಿಲಿಗೆ ಇನ್ನೊಂದು ಕೆಲಸವೂ ಇದೆ. ನಮ್ಮ ಕರಿಕಲ್ಲು ಮಧ್ಯಾಹ್ನ ಕಾದು ಕೆಂಡವಾಗುತ್ತದೆ, ಸಂಜೆ ದಿಢೀರ್ ಮಳೆ ಬರುತ್ತದೆ. ಡಬ್ಬಿಯೊಳಗಿನ ಗಾಳಿ 50 ಡಿಗ್ರಿಯಿಂದ 25ಕ್ಕೆ ಇಳಿದರೆ ಸುಮಾರು ಶೇ. 8ರಷ್ಟು ಕುಗ್ಗಲು ನೋಡುತ್ತದೆ. ಅರ್ಧ ಲೀಟರಿಗೆ ಹತ್ತಿರ ಹತ್ತಿರ 40 ಎಂಎಲ್. ರಬ್ಬರಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಸಾಕು, ಆ ಎಳೆತಕ್ಕೆ ಮುಚ್ಚಳದ ಅಂಚಲ್ಲಿ ನಿಂತ ನೀರು ಒಳಗೆ ಹೋಗುತ್ತದೆ. ಡಬ್ಬಿ ನೀರಲ್ಲಿ ಮುಳುಗಬೇಕು ಅಂತೇನೂ ಇಲ್ಲ. ನಮ್ಮಲ್ಲಿ ಮಳೆ ಜೋರಾಗುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒದ್ದೆ ಪುಸ್ತಕ ಜಾಸ್ತಿ ಸಿಗುವುದು ಇದಕ್ಕೇ.

ಸಂದಿ ಎಲ್ಲಿಂದ ಬರುತ್ತದೆ? ಹೆಚ್ಚಿನ ಸಲ ಡಬ್ಬಿಯ ತಪ್ಪಲ್ಲ. ಪುಸ್ತಕ ಹಾಕಿಟ್ಟ ಜಿಪ್ ಕವರಿನ ಮೂಲೆ ಮುಚ್ಚಳದಡಿ ಸಿಕ್ಕಿಕೊಂಡಿರುತ್ತದೆ. ಕ್ಲಿಪ್ ನಾಲ್ಕೂ ಬಿದ್ದಿರುತ್ತವೆ, ನೋಡಿದರೆ ಎಲ್ಲಾ ಸರಿ ಅನಿಸುತ್ತದೆ. ಆದರೆ ಆ ಮೂಲೆ ಗುಂಟ ನೀರು ನೇರವಾಗಿ ಒಳಗೆ ಇಳಿಯುತ್ತದೆ. ಅದಕ್ಕೇ ಡಬ್ಬಿಯ ಅರ್ಧದಷ್ಟೇ ಅಗಲದ ಕವರ್ ಹಾಕಿ. ಇನ್ನೊಂದು, ಮರಳು. ಕುಕ್ಕರ್ ಗ್ಯಾಸ್ಕೆಟ್ ಮೇಲೆ ಅನ್ನದ ಅಗುಳು ಕೂತರೆ ಹೇಗೆ ಹಬೆ ಸೋರುತ್ತದೋ ಹಾಗೆ, ರಬ್ಬರ್ ಮೇಲೆ ಒಂದು ಮರಳ ಕಣ ಕೂತರೂ ಮುಗಿಯಿತು. ಡಬ್ಬಿ ನೋಡಲು ಹೋದಾಗಲೆಲ್ಲ ರಬ್ಬರ್ ಬಿಚ್ಚಿ, ಅದು ಕೂರುವ ತೋಡನ್ನೂ ಒರೆಸಿ. ಶೂ ಜೊತೆ ಬರುವ ಸಿಲಿಕಾ ಜೆಲ್ ಚೀಟಿ ಹಾಕಬಹುದು, ಆದರೆ ಸೋರುವ ಡಬ್ಬಿಯಲ್ಲಿ ಅದು ಬೇಗ ತೇವ ಕುಡಿದು ಸುಮ್ನೆ ಬಿದ್ದಿರುತ್ತದೆ. ಬರೆಯಲು ಪೆನ್ಸಿಲ್ಲೇ ಇರಲಿ.

ಚಿಕ್ಕದು ಸಾಕು ಅನ್ನುವವರಿಗೆ ನನ್ನ ಮೆಚ್ಚಿನದು ಪೆಟ್ ಪ್ರಿಫಾರ್ಮ್. ಊದಿ ಸೋಡಾ ಬಾಟಲಿ ಮಾಡುವ ಮುಂಚಿನ, ಬೆರಳುದ್ದದ ದಪ್ಪ ಕೊಳವೆ ಅದು. ಗೋಡೆ ಬಾಟಲಿಗಿಂತ ಎಷ್ಟೋ ದಪ್ಪ, ತಿರುಗಿಸುವ ಮುಚ್ಚಳ, ಮುರಿಯಲು ಕ್ಲಿಪ್ಪೇ ಇಲ್ಲ. ಸುರುಳಿ ಸುತ್ತಿದ ಕಾಗದ ಮಾತ್ರ ಹಿಡಿಯುತ್ತದೆ. ಹಳೆ ಫಿಲ್ಮ್ ರೋಲಿನ ಡಬ್ಬಿ ಬೇಡ, ಸೋರುತ್ತದೆ. ಮಂಡಿಪೇಟೆಯಲ್ಲಿ ಸಿಗುವಂಥ ಸ್ಟೀಲ್ ಡಬ್ಬಿ ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ರಬ್ಬರ್ ಇಲ್ಲದ ಮುಚ್ಚಳ ಮಳೆಗೆ ಲೆಕ್ಕಕ್ಕಿಲ್ಲ. ಹೊರದೇಶದವರು ಹೊಗಳುವ ಮಿಲಿಟರಿ ಗುಂಡಿನ ಪೆಟ್ಟಿಗೆ ನಿಜಕ್ಕೂ ಗಟ್ಟಿ. ಆದರೆ ಗುಡಿಯ ದಾರಿಯಲ್ಲಿ ಹಸಿರು ಕಬ್ಬಿಣದ ಪೆಟ್ಟಿಗೆ ಕಂಡರೆ ಜನ ಹೆದರುತ್ತಾರೆ, ಪೊಲೀಸರಿಗೆ ಫೋನ್ ಹೋಗುತ್ತದೆ. ಒಳಗಿನದು ಕಾಣುವ ಡಬ್ಬಿಯೇ ನಮ್ಮಲ್ಲಿ ಒಳ್ಳೆಯದು. ಮೇಲೆ ‘ಇದು ಹುಡುಕುವ ಆಟದ ಡಬ್ಬಿ, ದಯವಿಟ್ಟು ಇಲ್ಲೇ ಬಿಡಿ’ ಅಂತ ಕನ್ನಡದಲ್ಲಿ ಬರೆದು ಅಂಟಿಸಿ.

ದೇವರಾಯನದುರ್ಗದ ಕಾಡಿನೊಳಗೆ ಇಡಬೇಕಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಮಧುಗಿರಿ ಕೋಟೆಯ ಗೋಡೆ ಸಂದಿಗೆ ಯಾವ ಡಬ್ಬಿಯನ್ನೂ ತುರುಕಬೇಡಿ, ದಯವಿಟ್ಟು. ನನ್ನವು ಹೆಚ್ಚಾಗಿ ಪರಿಚಯದವರ ತೋಟದ ಬದುಗಳಲ್ಲಿವೆ, ಅವರನ್ನು ಕೇಳಿಯೇ ಇಟ್ಟದ್ದು. ತಿಂಡಿಯಂತೂ ಒಳಗೆ ಇರಲೇಬಾರದು. ವಾಸನೆಗೆ ಇರುವೆ, ಇಲಿ, ಕೋತಿ ಎಲ್ಲ ಬರುತ್ತವೆ.

ಕೊಳ್ಳುವ ಮುಂಚೆ ಎರಡು ನೋಡಿ. ಮುಚ್ಚಳದ ರಬ್ಬರ್ ಕೈಯಲ್ಲಿ ಬಿಚ್ಚಿ ಹಾಕುವಂತಿರಬೇಕು. ಕ್ಲಿಪ್ ಮಡಚುವ ಗೆರೆ ಬೆಳ್ಳಗಾಗಿರಬಾರದು. ಮನೆಗೆ ತಂದ ಮೇಲೆ ಒಳಗೆ ಟಿಶ್ಯೂ ಹಾಕಿ ಮುಚ್ಚಿ, ಮಧ್ಯಾಹ್ನ ತಾರಸಿಯಲ್ಲಿ ಕಾಯಲು ಬಿಡಿ. ಬಿಸಿ ಇರುವಾಗಲೇ ತಣ್ಣೀರಿನ ಬಕೆಟ್‌ಗೆ ಹಾಕಿ ಮೇಲೆ ಕಲ್ಲು ಹೇರಿ. ಬರೀ ನಲ್ಲಿ ಕೆಳಗೆ ಹಿಡಿದು ನೋಡಿದರೆ ಈ ಎಳೆತ ಗೊತ್ತಾಗುವುದಿಲ್ಲ. ಬೆಳಗ್ಗೆ ತೆಗೆದಾಗ ಟಿಶ್ಯೂ ಒಣಗಿದ್ದರೆ ಆ ಡಬ್ಬಿಯನ್ನು ನೆರಳಿರುವ ಜಾಗಕ್ಕೆ ಒಯ್ಯಿರಿ. ಒದ್ದೆಯಾಗಿದ್ದರೆ ಅಡುಗೆಮನೆಯಲ್ಲಿ ಬೇಳೆ ಹಾಕಿಡಲು ಬಳಸಿ.